ಕಣ್ಣೀರು ಚೀಲದ ಕಲ್ಲಿಗೆ ಹಾಲು ಬಿಡಬೇಕೆ?

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ. ಎಡಗಣ್ಣಲ್ಲಿ ಸದಾ ನೀರು, ಮೂಗಿನ ಪಕ್ಕ ಆಗಾಗ ಊತ ಬರುತ್ತಿತ್ತು. ಹೋದ ವರ್ಷ ಕಣ್ಣೀರಿಗೆ ಮೂಗಿನೊಳಕ್ಕೆ ದಾರಿ ಮಾಡುವ ಡಿಸಿಆರ್ ಆಪರೇಷನ್ ಆಯಿತು, ಕಣ್ಣೀರು ಚೀಲದಲ್ಲಿ ಕಲ್ಲಿತ್ತು ಎಂದರು. ಈಗ ಗಾಳಿಗೆ ಹೋದರೆ ಮತ್ತೆ ನೀರು. ಕಿಡ್ನಿ ಕಲ್ಲಿನ ಹಾಗೆ ಇದೂ ಮತ್ತೆ ಬೆಳೆಯುತ್ತದೆ ಎಂದು ನಾದಿನಿ ಹೇಳಿದ ಮೇಲೆ ಹಾಲು, ಟೊಮೆಟೊ ಬಿಟ್ಟಿದ್ದೇನೆ. ಸರಿಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಇವತ್ತೇ ಹಾಲು ಕುಡಿಯಿರಮ್ಮಾ, ಸಾರಿಗೆ ಟೊಮೆಟೊನೂ ಹಾಕಿಕೊಳ್ಳಿ. ಕಿಡ್ನಿಯ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್‌ನದು. (ಅದಕ್ಕೂ ಹಾಲು ಬಿಡಬೇಕಿಲ್ಲ, ನಾದಿನಿಯವರಿಗೂ ತಿಳಿಸಿ.) ನಿಮ್ಮದು ಹೆಸರಿಗಷ್ಟೇ ಕಲ್ಲು. ಆಪರೇಷನ್‌ನಲ್ಲಿ ಚೀಲ ಸೀಳಿದಾಗ ಹಳದಿಯದೋ ಕಂದು ಬಣ್ಣದ್ದೋ ಒಂದು ಗಂಟು ಸಿಗುತ್ತದೆ. ಚಿಮಟದಲ್ಲಿ ಹಿಡಿದರೆ ಎಷ್ಟೋ ಸಲ ಮೇಣದ ಹಾಗೆ ಹಿಚುಕಿಹೋಗುತ್ತದೆ. ಗಟ್ಟಿಯಾದ ಲೋಳೆ, ಪ್ರೋಟೀನು, ಕೊಬ್ಬು, ಚೀಲದ ಒಳಪದರದಿಂದ ಉದುರಿದ ಜೀವಕೋಶಗಳು ಅದರಲ್ಲಿ ಪದರಪದರವಾಗಿ ಕೂತಿರುತ್ತವೆ. ಕೆಲವದರಲ್ಲಿ ಫಂಗಸ್ ಕೂಡ ಇರುತ್ತದೆ. ನಟ್ಟನಡುವೆ ಒಂದು ರೆಪ್ಪೆಕೂದಲು ಸಿಕ್ಕಿದ್ದೂ ಉಂಟು. ಕ್ಯಾಲ್ಸಿಯಂ ತೀರ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಎಕ್ಸ್‌ರೇಗೂ ಕಾಣುವುದಿಲ್ಲ.

ಮತ್ತೆ ಬರುತ್ತದೆಯೇ? ಕಣ್ಣೀರು ಮೂಗಿಗೆ ಇಳಿಯದೆ ಚೀಲದಲ್ಲೇ ನಿಂತಾಗ ಇದು ಕಟ್ಟುತ್ತದೆ. ಮೂಗಿನ ಪಕ್ಕದ ಮೂಳೆಯಲ್ಲಿ ಕಿಂಡಿ ಕೊರೆದು ಚೀಲವನ್ನು ನೇರ ಮೂಗಿಗೇ ತೆರೆಯುವ ವಿಧಾನವನ್ನು 1904ರಲ್ಲಿ ಇಟಲಿಯ ಟೋಟಿ ತೋರಿಸಿಕೊಟ್ಟರು. ನಿಮಗಾಗಿರುವುದೂ ಅದೇ ಡಿಸಿಆರ್. ಆ ಕಿಂಡಿ ತೆರೆದಿರುವವರೆಗೆ ಕಲ್ಲು ಮರುಕಳಿಸುವುದು ಅಪರೂಪ. ಹಾಗಾಗಿ ನನ್ನ ಅನುಮಾನ ಕಲ್ಲಿನ ಮೇಲಲ್ಲ. ಗಾಯ ಮಾಯುವಾಗ ಬೆಳೆದ ಮಾಂಸದಿಂದ ಕಿಂಡಿ ಕಿರಿದಾಗಿರಬಹುದು. ಗಾಳಿಗೆ ಮಾತ್ರ ನೀರು ಬರುತ್ತಿದ್ದರೆ ಕಣ್ಣು ಒಣಗಿ ಉರಿಯುವುದರಿಂದಲೂ ಇರಬಹುದು, ನಿಮ್ಮ ವಯಸ್ಸಿನ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಸಿರಿಂಜಿಂಗ್ ಮಾಡಿಸಿ: ರೆಪ್ಪೆಯಂಚಿನ ರಂಧ್ರಕ್ಕೆ ಉಪ್ಪುನೀರು ಬಿಟ್ಟಾಗ ಗಂಟಲಿಗೆ ಉಪ್ಪುಪ್ಪು ಇಳಿದರೆ ದಾರಿ ತೆರೆದಿದೆ. ಇಳಿಯದಿದ್ದರೆ ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ಕಿಂಡಿಯನ್ನು ನೋಡುತ್ತಾರೆ.

ಕಲ್ಲು ಪದೇಪದೇ ಕಾಡುವುದು ಹೆಚ್ಚಾಗಿ ಇನ್ನೊಂದು ಜಾಗದಲ್ಲಿ: ಚೀಲಕ್ಕೆ ಮುಂಚಿನ, ರೆಪ್ಪೆಯೊಳಗಿನ ಸಣ್ಣ ನಾಳದಲ್ಲಿ. ಅಲ್ಲಿ ಆಕ್ಟಿನೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಹಳದಿ ಕಾಳುಗಳನ್ನು ಕಟ್ಟುತ್ತದೆ. ಕೆರೆದು ತೆಗೆಯುವಾಗ ಚೂರು ಉಳಿದರೂ ಕಾಯಿಲೆ ತಿರುಗಿ ಬರುತ್ತದೆ. ನಿಮ್ಮದು ಎಲ್ಲಿಯ ಕಲ್ಲು ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿರುತ್ತದೆ, ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ. ಅಷ್ಟರೊಳಗೆ ಮೂಗಿನ ಪಕ್ಕ ಕೆಂಪಾಗಿ ಊದಿ ನೋವು, ಜ್ವರ ಬಂದರೆ ಒತ್ತಿ ಕೀವು ತೆಗೆಯಲು ಹೋಗಬೇಡಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.