ಮಗ್ದಲದ ಮರಿಯಳಿಗೆ ಆ ಪಟ್ಟ ಕಟ್ಟಿದವರು ಯಾರು?

ಪತ್ರ: "ಕಳೆದ ಸಂಚಿಕೆಯಲ್ಲಿ ಮಗ್ದಲದ ಮರಿಯಳ ಬಗ್ಗೆ ಬಂದ ಲೇಖನ ಓದಿ ಬೇಸರವಾಯಿತು. ಆಕೆ ವೇಶ್ಯೆಯಾಗಿದ್ದವಳು, ಯೇಸುವಿನ ಕ್ಷಮೆಯಿಂದ ಬದಲಾದವಳು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಈಗ ಈಜಿಪ್ಟಿನಲ್ಲಿ ಸಿಕ್ಕ ಹರಕು ಹಾಳೆ ಹಿಡಿದುಕೊಂಡು ಅದೆಲ್ಲ ತಪ್ಪು ಅನ್ನುತ್ತೀರಿ. ಬೈಬಲಿನಲ್ಲಿ ಯಾವ ಪುಸ್ತಕ ಇರಬೇಕು, ಯಾವುದು ಬೇಡ ಅಂತ ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ ನಿಸಿಯ ಸಭೆಯಲ್ಲೇ ಹಿರಿಯರು ತೀರ್ಮಾನ ಮಾಡಿದ್ದಾರೆ. ಮುಗಿದ ವಿಷಯವನ್ನು ಯಾಕೆ ಕೆದಕುತ್ತೀರಿ? ನಂಬಿದವರ ಮನಸ್ಸು ನೋಯಿಸಿ ಏನು ಸಿಗುತ್ತದೆ?" (ನಿವೃತ್ತ ಶಿಕ್ಷಕರು, ದಕ್ಷಿಣ ಕನ್ನಡ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎಷ್ಟು ಚೆಂದದ ಅಕ್ಷರ! ನಂಬಿದವರ ಮನಸ್ಸು ನೋಯಬಾರದು ಅನ್ನುವ ನಿಮ್ಮ ಕಾಳಜಿ ಸರಿಯಾದದ್ದೇ. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನೀವು "ಕೇಳಿದ್ದೇವೆ" ಅಂತ ಬರೆದಿದ್ದೀರಿ, "ಓದಿದ್ದೇವೆ" ಅಂತ ಬರೆದಿಲ್ಲ. ನನ್ನ ಇಡೀ ಉತ್ತರ ಆ ಒಂದು ಮಾತಿನ ಮೇಲೆ ನಿಂತಿದೆ.

ಈಜಿಪ್ಟಿನ ಹಾಳೆಯನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ಮನೆಯಲ್ಲಿರುವ ಕನ್ನಡ ಬೈಬಲನ್ನೇ ತೆಗೆಯಿರಿ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಲೂಕನ ಸುವಾರ್ತೆ, 7ನೇ ಅಧ್ಯಾಯದ ಕೊನೆ. ಫರಿಸಾಯನಾದ, ಅಂದರೆ ಕಟ್ಟುನಿಟ್ಟಿನ ಯೆಹೂದಿ ಪಂಗಡದವನಾದ, ಸೀಮೋನನ ಮನೆಯಲ್ಲಿ ಊಟ. ಊರಲ್ಲಿ ಪಾಪಿ ಅನ್ನಿಸಿಕೊಂಡ ಒಬ್ಬ ಹೆಂಗಸು ಒಳಗೆ ಬರುತ್ತಾಳೆ. ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೋಯಿಸಿ, ಕೂದಲಿನಿಂದ ಒರೆಸಿ, ಸುಗಂಧ ತೈಲ ಹಚ್ಚುತ್ತಾಳೆ. ಅವಳ ಹೆಸರೇನು? ಲೂಕ ಹೇಳುವುದೇ ಇಲ್ಲ. ಮುಂದಕ್ಕೆ ಓದಿ. 8ನೇ ಅಧ್ಯಾಯ ಶುರುವಾಗುತ್ತಲೇ ಯೇಸುವಿನ ಜೊತೆ ಊರೂರು ತಿರುಗುತ್ತಿದ್ದ ಹೆಂಗಸರ ಹೆಸರುಗಳು ಬರುತ್ತವೆ. ಏಳು ದೆವ್ವಗಳಿಂದ ಬಿಡುಗಡೆಯಾಗಿದ್ದ ಮಗ್ದಲದ ಮರಿಯಳು. ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿ ಯೋಹಾನಳು. ಸುಸನ್ನಳು. ತಮ್ಮ ಕೈಯಿಂದ ಹಣ ಹಾಕಿ ಯೇಸುವಿನ, ಅವನ ಶಿಷ್ಯರ ಖರ್ಚು ನೋಡಿಕೊಂಡವರು ಇವರು. ಮೊದಲಿನ ಹೆಂಗಸೇ ಈ ಮರಿಯಳು ಅಂತಾಗಿದ್ದರೆ ಲೂಕ ಇಲ್ಲೇ ಒಂದು ಮಾತು ಹೇಳಬಹುದಿತ್ತು, ಅಲ್ವಾ? ಹೇಳಿಲ್ಲ. ದೆವ್ವ ಹಿಡಿಯುವುದನ್ನು ಸುವಾರ್ತೆಗಳು ಕಾಯಿಲೆಯ ಹಾಗೆ, ಸಂಕಟದ ಹಾಗೆ ಹೇಳುತ್ತವೆ. ನಡತೆಗೆಟ್ಟವರು ಅನ್ನುವ ಅರ್ಥ ಅಲ್ಲಿ ಇಲ್ಲ.

ಹಾಗಾದರೆ ವೇಶ್ಯೆ ಅನ್ನುವ ಆ ಪಟ್ಟ ಎಲ್ಲಿಂದ ಬಂತು? ಕ್ರಿ.ಶ. 591ರಲ್ಲಿ ರೋಮ್‌ನಲ್ಲಿ ಪೋಪ್ ಒಂದನೇ ಗ್ರೆಗೊರಿ ಒಂದು ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಿದರು. ಲೂಕನ ಹೆಸರಿಲ್ಲದ ಹೆಂಗಸು, ಲಾಜರನ ತಂಗಿ ಬೇಥಾನ್ಯದ ಮರಿಯಳು, ಮಗ್ದಲದ ಮರಿಯಳು, ಈ ಮೂವರನ್ನೂ ಸೇರಿಸಿ ಒಬ್ಬಳನ್ನಾಗಿ ಮಾಡಿದರು. ಏಳು ದೆವ್ವ ಅಂದರೆ ಎಲ್ಲ ದುರ್ಗುಣಗಳು ಅಂತ ಅರ್ಥ ಹೇಳಿದರು. ಯೇಸುವಿನ ಕಾಲದಿಂದ ಹೆಚ್ಚುಕಡಿಮೆ 560 ವರ್ಷ ಆದ ಮೇಲೆ! ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇದನ್ನು ಒಪ್ಪಲೇ ಇಲ್ಲ. ಅವರಿಗೆ ಇವತ್ತಿಗೂ ಇವರು ಬೇರೆ ಬೇರೆ ಹೆಂಗಸರು. ಪಶ್ಚಿಮದಲ್ಲಿ ಮಾತ್ರ ಚಿತ್ರಕಾರರು, ನಾಟಕದವರು, ಪ್ರಸಂಗಿಗಳು ಗ್ರೆಗೊರಿಯ ಮಾತನ್ನೇ ಬೆಳೆಸುತ್ತಾ ಹೋದರು.

ನನ್ನ ಬಾಲ್ಯದ ಒಂದು ಸಂಗತಿ ಹೇಳುತ್ತೇನೆ. ಈಸ್ಟರ್‌ಗೆ ಮುಂಚೆ ನಮ್ಮೂರಲ್ಲಿ ಯೇಸುವಿನ ಕೊನೆಯ ದಿನಗಳ ನಾಟಕ ಆಡುತ್ತಿದ್ದರು. ಮಗ್ದಲದ ಮರಿಯಳ ಪಾತ್ರದ ಹುಡುಗಿಗೆ ಕಡುಗೆಂಪು ಸೀರೆ, ಬಿಚ್ಚಿದ ಕೂದಲು. ಅವಳು ಬಂದ ಕೂಡಲೇ ಹಿಂದಿನ ಸಾಲಿನ ಗಂಡಸರು ಸಿಳ್ಳೆ ಹೊಡೆದರು. ಪಕ್ಕದ ಮನೆಯ ಬಾಯಮ್ಮ ನನ್ನ ಹತ್ತಿರ ಕೂತಿದ್ದರು. ಜಾಸ್ತಿ ಓದಿದವರಲ್ಲ, ಆದರೆ ಸುವಾರ್ತೆ ಅವರಿಗೆ ಬಾಯಿಪಾಠ. "ಶಿಲುಬೆ ಹತ್ತಿರ ನಿಂತವಳು ಅವಳು ಮಗಾ. ಓಡಿಹೋದದ್ದು ಈ ಗಂಡಸರು. ಅವರಿಗೆ ಯಾಕೆ ಕೆಂಪು ಬಟ್ಟೆ ಹಾಕಲಿಲ್ಲ?" ಅಂದರು. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಸುಮ್ನೆ ಒಂದು ನಾಟಕದ ವಿಷಯ ಅಂತ ತಳ್ಳಿಹಾಕಬೇಡಿ. ಐರ್ಲೆಂಡಿನಲ್ಲಿ "ದಾರಿ ತಪ್ಪಿದ" ಹೆಂಗಸರನ್ನು ತಿದ್ದುತ್ತೇವೆ ಅಂತ ನಡೆಸಿದ ಬಟ್ಟೆ ಒಗೆಯುವ ಮನೆಗಳಿಗೆ ಮಗ್ದಲೀನಳ ಹೆಸರನ್ನೇ ಇಟ್ಟಿದ್ದರು. 1922ರಿಂದ 1996ರವರೆಗೆ ಸುಮಾರು 10 ಸಾವಿರ ಹೆಂಗಸರು, ಹುಡುಗಿಯರು ಅಲ್ಲಿ ಸಂಬಳವಿಲ್ಲದೆ ದುಡಿದರು. 2013ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ಆ ಮನೆಗಳಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಹೆಸರು ಕೊಟ್ಟದ್ದು ಆ 591ರ ಪ್ರಸಂಗದ ಮರಿಯಳೇ.

ಇನ್ನೊಂದು ವಿಷಯ ನಿಮಗೆ ಸಮಾಧಾನ ಕೊಡಬಹುದು. ಕ್ಯಾಥೊಲಿಕ್ ಸಭೆಯೇ ಇದನ್ನು ತಿದ್ದಿಕೊಂಡಿದೆ. ಮೊದಲೆಲ್ಲ ಜುಲೈ 22ರ ಅವಳ ದಿನ ಲೂಕನ ಪಾಪಿ ಹೆಂಗಸಿನ ಭಾಗ ಓದುತ್ತಿದ್ದರು. 1969ರ ಪಂಚಾಂಗ ಬಂದ ಮೇಲೆ ಅದು ಹೋಗಿ, ಎದ್ದು ಬಂದ ಯೇಸು ಸಮಾಧಿ ತೋಟದಲ್ಲಿ ಅವಳಿಗೆ ಕಾಣುವ, ಯೋಹಾನನ 20ನೇ ಅಧ್ಯಾಯದ ಭಾಗ ಬಂತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಆ ದಿನವನ್ನು ಅಪೊಸ್ತಲರ, ಅಂದರೆ ಸುವಾರ್ತೆ ಸಾರಲು ಕಳಿಸಲ್ಪಟ್ಟವರ, ಹಬ್ಬಗಳಿಗೆ ಸಮನಾದ ಹಬ್ಬವಾಗಿ ಏರಿಸಿದರು. ನೀವು ಯಾವ ಹಿರಿಯರ ಮಾತು ಮೀರಬಾರದು ಅನ್ನುತ್ತೀರೋ ಅವರೇ ಮುಂದೆ ನಡೆದಿದ್ದಾರೆ. ನಾವು ಹಿಂದೆ ಉಳಿದಿದ್ದೇವೆ.

ನಿಸಿಯ ಸಭೆಯ ವಿಷಯದಲ್ಲೂ ನಿಮಗೆ ಯಾರೋ ತಪ್ಪು ಹೇಳಿದ್ದಾರೆ. ಅಲ್ಲಿ ಚರ್ಚೆಯಾದದ್ದು ಮುಖ್ಯವಾಗಿ ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್‌ನ ವಾದ. ಮಗನಾದ ಯೇಸುವೂ ತಂದೆಯಾದ ದೇವರಷ್ಟೇ ಅನಾದಿಯೇ, ಅಲ್ಲವೇ ಅನ್ನುವುದು. ಈಸ್ಟರ್ ಯಾವಾಗ ಆಚರಿಸಬೇಕು ಅನ್ನುವುದೂ ಇತ್ತು. ಆ ಸಭೆ ಹೊರಡಿಸಿದ 20 ನಿಯಮಗಳಲ್ಲಿ ಪುಸ್ತಕಗಳ ಪಟ್ಟಿ ಇಲ್ಲ. ಇವತ್ತು ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿರುವ 27 ಪುಸ್ತಕಗಳನ್ನು, ಅಷ್ಟನ್ನೇ, ಪಟ್ಟಿ ಮಾಡಿ ಹೇಳಿದ್ದು ನಮಗೆ ಮೊದಲು ಸಿಗುವುದು 367ರಲ್ಲಿ. ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ನಾಲ್ಕು ಸುವಾರ್ತೆಗಳ ಮಾತು ಅದಕ್ಕಿಂತ ಹಳೆಯದು. ಸುಮಾರು 180ರಲ್ಲೇ ಬಿಷಪ್ ಐರೇನಿಯಸ್ ಸುವಾರ್ತೆ ನಾಲ್ಕೇ ಅಂತ ವಾದ ಮಾಡಿದ್ದ. ನಾಲ್ಕೇ ಅಂತ ಅಷ್ಟು ಒತ್ತಿ ಹೇಳಬೇಕಾದರೆ ಬೇರೆಯವೂ ಜನರ ಕೈಯಲ್ಲಿ ಇದ್ದವು ಅಂತ ತಾನೇ ಅರ್ಥ?

ಈಗ ಆ ಹರಕು ಹಾಳೆಗೆ ಬರೋಣ. 1896ರಲ್ಲಿ ಕೈರೋದಲ್ಲಿ ಒಬ್ಬ ಜರ್ಮನ್ ವಿದ್ವಾಂಸ ಈಜಿಪ್ಟಿನ ಕ್ರೈಸ್ತರ ಹಳೆಯ ಭಾಷೆಯಾದ ಕಾಪ್ಟಿಕ್‌ನಲ್ಲಿದ್ದ ಹಳೆಯ ಪುಸ್ತಕವೊಂದನ್ನು ಕೊಂಡ. ಅದರಲ್ಲಿ ಮರಿಯಳ ಸುವಾರ್ತೆ ಇತ್ತು. 1912ರ ಹೊತ್ತಿಗೆ ಅಚ್ಚಿಗೆ ಸಿದ್ಧವಾಗಿತ್ತು. ಅಷ್ಟರಲ್ಲಿ ಮುದ್ರಣಾಲಯದಲ್ಲಿ ನೀರಿನ ಪೈಪ್ ಒಡೆದು ಅಚ್ಚಾದದ್ದೆಲ್ಲ ಹಾಳಾಯಿತು. ಆಮೇಲೆ ಒಂದು ಮಹಾಯುದ್ಧ, ಮತ್ತೊಂದು ಮಹಾಯುದ್ಧ. ಕೊನೆಗೆ ಪ್ರಕಟವಾದದ್ದು 1955ರಲ್ಲಿ. ಅಷ್ಟು ಕಾದ ಮೇಲೂ ಪೂರ್ತಿ ಸಿಗಲಿಲ್ಲ. ಮೊದಲ 6 ಪುಟ ಇಲ್ಲ, ನಡುವೆ 4 ಪುಟ ಇಲ್ಲ.

ಉಳಿದದ್ದನ್ನು ಓದಿದರೆ ಎದೆ ತುಂಬಿ ಬರುತ್ತದೆ. ಯೇಸು ಹೊರಟುಹೋಗಿದ್ದಾನೆ. ಶಿಷ್ಯರು ಅಳುತ್ತಾ ಕೂತಿದ್ದಾರೆ. ಅವನನ್ನೇ ಬಿಡದವರು ನಮ್ಮನ್ನು ಬಿಡುತ್ತಾರಾ ಅಂತ ಹೆದರಿಕೆ. ಮರಿಯಳು ಎದ್ದು ಎಲ್ಲರಿಗೂ ಧೈರ್ಯ ಹೇಳುತ್ತಾಳೆ. ತಂಗೀ, ನಮಗೆ ತಿಳಿಯದ್ದು ನಿನಗೆ ನೆನಪಿದ್ದರೆ ಹೇಳು ಅಂತ ಪೇತ್ರನೇ ಕೇಳುತ್ತಾನೆ. ಅವಳು ಹೇಳುತ್ತಾಳೆ. ಹೇಳಿ ಮುಗಿಸಿದಾಗ ಇನ್ನೊಬ್ಬ ಶಿಷ್ಯ ಅಂದ್ರೆಯನಿಗೆ ನಂಬಿಕೆ ಬರುವುದಿಲ್ಲ. ಪೇತ್ರ ತಿರುಗಿಬೀಳುತ್ತಾನೆ. ನಮಗೆ ಗೊತ್ತಾಗದ ಹಾಗೆ ಒಬ್ಬ ಹೆಂಗಸಿನ ಹತ್ತಿರ ಮಾತಾಡಿದನಾ, ನಮಗಿಂತ ಇವಳು ಹೆಚ್ಚಾದಳಾ ಅನ್ನುತ್ತಾನೆ. ಮರಿಯಳು ಅಳುತ್ತಾಳೆ. ಆಗ ಮತ್ತೊಬ್ಬ ಶಿಷ್ಯ ಲೇವಿ ಅವಳ ಪರವಾಗಿ ನಿಲ್ಲುತ್ತಾನೆ. ಪೇತ್ರಾ, ನೀನು ಯಾವಾಗಲೂ ಮುಂಗೋಪಿ, ಆತನೇ ಅವಳನ್ನು ಯೋಗ್ಯಳು ಅಂದಮೇಲೆ ತಳ್ಳಲು ನೀನ್ಯಾರು ಅಂತ ಕೇಳುತ್ತಾನೆ.

ನಾಲ್ಕು ಸುವಾರ್ತೆಗಳು ಇದಕ್ಕಿಂತ ಹಳೆಯವು, ಇದು ಬಹುಶಃ ಎರಡನೇ ಶತಮಾನದ್ದು ಅನ್ನುವುದನ್ನು ಒಪ್ಪುತ್ತೇನೆ. ಆ ಮಾತುಕತೆ ಹಾಗೆಯೇ ನಡೆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಈ ಜಗಳ ಆ ಕಾಲದ ಸಭೆಗಳಲ್ಲಿ ಇತ್ತು ಅನ್ನುವುದಕ್ಕೆ ಇದು ಸಾಕ್ಷಿ. ಹೆಂಗಸು ಬೋಧಿಸಬಹುದು ಅನ್ನುವವರೂ ಇದ್ದರು, ಬಾಯಿ ಮುಚ್ಚಿ ಅನ್ನುವವರೂ ಇದ್ದರು. ಗೆದ್ದವರ ಪುಸ್ತಕ ಉಳಿಯಿತು, ಸೋತವರದ್ದು ಮರಳಿನ ಪಾಲಾಯಿತು.

ಮರಿಯಳನ್ನು ಯೇಸುವಿನ ಹೆಂಡತಿ ಮಾಡುವ ಕಥೆಗಳು ನಿಮಗೆ ಸಿಟ್ಟು ತರಿಸಿದ್ದರೆ ನಾನೂ ನಿಮ್ಮ ಜೊತೆಗಿದ್ದೇನೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ತಿರ ಸಿಕ್ಕ ಪುಸ್ತಕಗಳಲ್ಲಿ ಫಿಲಿಪ್ಪನ ಸುವಾರ್ತೆ ಇದೆ. ಯೇಸು ಅವಳಿಗೆ ಮುತ್ತು ಕೊಡುತ್ತಿದ್ದ ಅನ್ನುವ ಸಾಲಿನಲ್ಲಿ, ಎಲ್ಲಿ ಅನ್ನುವ ಪದ ಇರಬೇಕಾದ ಕಡೆ ಹಾಳೆ ತೂತಾಗಿದೆ. ಆ ತೂತಿನೊಳಗೆ ಜನ ತಮಗೆ ಬೇಕಾದ್ದು ತುಂಬಿದರು. 2012ರಲ್ಲಿ "ನನ್ನ ಹೆಂಡತಿ" ಅಂತ ಯೇಸು ಹೇಳುವ ಒಂದು ಚೂರು ದೊಡ್ಡ ಸುದ್ದಿಯಾಯಿತು. ಅದು ನಕಲಿ ಇರಬೇಕು ಅಂತ 2016ರಲ್ಲಿ ಅದನ್ನು ಹೊರತಂದ ವಿದ್ವಾಂಸರೇ ಒಪ್ಪಿದರು. ಗ್ರೆಗೊರಿ ಅವಳನ್ನು ವೇಶ್ಯೆ ಮಾಡಿದರು, ಇವರು ಹೆಂಡತಿ ಮಾಡಿದರು. ಸುವಾರ್ತೆ ಏನು ಹೇಳುತ್ತದೋ ಅಷ್ಟು ಯಾರಿಗೂ ಸಾಲಲಿಲ್ಲ. ಅದು ಹೇಳುವುದು ಕಡಿಮೆಯೇ? ನಾಲ್ಕೂ ಸುವಾರ್ತೆಗಳು ಬರಿದಾದ ಸಮಾಧಿಯ ಬಳಿ ಅವಳ ಹೆಸರು ಹೇಳುತ್ತವೆ. ಯೋಹಾನನಲ್ಲಿ ಎದ್ದು ಬಂದ ಯೇಸುವನ್ನು ಮೊದಲು ಕಂಡವಳು, ಸುದ್ದಿ ಮುಟ್ಟಿಸಿದವಳು ಅವಳು. ಆದರೆ ಮೊದಲ ಕಾಲದ ಬೋಧಕ ಪೌಲ ಕೊರಿಂಥ ಊರಿನ ಸಭೆಯವರಿಗೆ ಪತ್ರ ಬರೆಯುವಾಗ ಯೇಸುವನ್ನು ಕಂಡವರ ಪಟ್ಟಿ ಕೊಡುತ್ತಾನೆ. ಪೇತ್ರ, ಹನ್ನೆರಡು ಮಂದಿ, ಐನೂರು ಮಂದಿ, ಯಾಕೋಬ. ಮರಿಯಳ ಹೆಸರು ಅಲ್ಲಿ ಇಲ್ಲ.

ಹೆಸರು ಅಳಿಸಿದ್ದು ಅವಳದೊಂದೇ ಅಲ್ಲ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಪೌಲನೇ ಯೂನ್ಯಳಿಗೆ ವಂದನೆ ಹೇಳಿ, ಅಪೊಸ್ತಲರಲ್ಲಿ ಹೆಸರಾದವರ ಸಾಲಿಗೆ ಸೇರಿಸುತ್ತಾನೆ. ನಾಲ್ಕನೇ ಶತಮಾನದ ಹೆಸರಾಂತ ಬೋಧಕ ಕ್ರಿಸೊಸ್ತೊಮ್ ಅವಳು ಹೆಂಗಸು ಅಂತಲೇ ತಿಳಿದು ಹೊಗಳಿದ್ದಾರೆ. ಆಮೇಲಿನವರಿಗೆ ಹೆಂಗಸು ಅಪೊಸ್ತಲೆಯಾಗುವುದು ಸರಿಬರಲಿಲ್ಲ. ಯೂನಿಯಸ್ ಅಂತ ಗಂಡಸು ಮಾಡಿಬಿಟ್ಟರು. ವಿದ್ವಾಂಸರು ಬಳಸುವ ಗ್ರೀಕ್ ಆವೃತ್ತಿಯಲ್ಲೂ 1927ರಲ್ಲಿ ಗಂಡಸಾದಳು, 1998ರಲ್ಲಿ ಮತ್ತೆ ಹೆಂಗಸಾದಳು. 71 ವರ್ಷ! ಇಷ್ಟಕ್ಕೆಲ್ಲ ಬದಲಾದದ್ದು ಆ ಗ್ರೀಕ್ ಹೆಸರಿನ ಮೇಲೆ ಹಾಕುವ ಒಂದು ಸ್ವರಭಾರದ ಗುರುತು.

ಇದಕ್ಕೇ ಮೇಷ್ಟ್ರೇ, ಮುಗಿದ ವಿಷಯ ಅಂದರೆ ನನಗೆ ಸಂಕಟವಾಗುತ್ತದೆ. 19ನೇ ಶತಮಾನದ ಶುರುವಿನಲ್ಲಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದದ್ದು ಯಾಕೆ? ಜನ ತಾವೇ ಓದಲಿ ಅಂತ. ಇನ್ನೂರು ವರ್ಷ ಆದ ಮೇಲೂ ಪುಸ್ತಕ ಕಪಾಟಿನಲ್ಲಿದೆ, ನಾವು ಯಾರೋ ಹೇಳಿದ್ದನ್ನು ಕೇಳುತ್ತಿದ್ದೇವೆ. ಪರೀಕ್ಷೆಗೆ ಗೈಡು, ಕಾವ್ಯಕ್ಕೆ ಸಾರಾಂಶ, ಧರ್ಮಕ್ಕೆ ವಾಟ್ಸ್ಯಾಪ್. ನಮ್ಮ ಕಚೇರಿಗೆ ಬರುವ ಸಿಟ್ಟಿನ ಪತ್ರಗಳಲ್ಲಿ ಅರ್ಧದಷ್ಟು, ಲೇಖನವನ್ನೇ ಓದದೆ ಬರೆದವು. ನಿಮ್ಮದು ಹಾಗಲ್ಲ. ನೀವು ಲೇಖನ ಪೂರ್ತಿ ಓದಿ ಬರೆದಿದ್ದೀರಿ. ಅದಕ್ಕೇ ಇಷ್ಟು ಉದ್ದ ಉತ್ತರ.

ಇವತ್ತು ರಾತ್ರಿ ಊಟ ಆದ ಮೇಲೆ ಲೂಕನ 7 ಮತ್ತು 8, ಯೋಹಾನನ 20 ಓದಿ. ಮನೆಯವರ ಹತ್ತಿರ ಗಟ್ಟಿಯಾಗಿ ಓದಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ನನಗೆ ಬರೆಯಿರಿ. ನೀವು ಒಪ್ಪದಿದ್ದರೂ ಒಂದಕ್ಷರ ಕಡಿಮೆ ಮಾಡದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.