ಸವೆಯದ ಹಾಡು, ಸವೆದ ಕ್ಯಾಸೆಟ್

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜೋಗಿಯಾ ರಾಗದ ಒಂದು ಹಳೇ ಧ್ವನಿಮುದ್ರಣ ಐತ್ರಿ. ಇಪ್ಪತ್ತು ವರ್ಷದಿಂದ ಕೇಳಾಕತ್ತೀನಿ. ಮುಂದಿನ ಸ್ವರ ಯಾವುದು ಅಂತ ಗೊತ್ತಿದ್ದರೂ ಅದೇ ಜಾಗಾಕ್ಕ ಕಣ್ಣು ತುಂಬತಾವ. ಗೊತ್ತಿದ್ದದ್ದು ಹಳಸಬೇಕಲ್ಲರೀ?
– ಓದುಗರೊಬ್ಬರು, ಗದಗ

ಉತ್ತರ: ಕಥೆಯ ಗುಟ್ಟು ಒಮ್ಮೆ ತಿಳಿದರೆ ಮುಗಿಯಿತು. ಸ್ವರದ ಗುಟ್ಟು ಹಾಗಲ್ಲ, ಅದು ಪ್ರತಿ ಸಲವೂ ಕಿವಿಯೊಳಗೇ ನಡೆಯಬೇಕು. ಗಾಯಕರ ಷಡ್ಜ (ಸಾ) ಹಾರ್ಮೋನಿಯಂನ ಕಪ್ಪು 1 ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 139 ಹರ್ಟ್ಸ್. ಪಕ್ಕದ ಕೋಮಲ ರಿಷಭ (ತಗ್ಗಿಸಿದ ರಿ) ಸುಮಾರು 148. ತಂಬೂರಿ ಸಾ ಹಿಡಿದಿರುವಾಗ ಗಾಯಕರು ಆ ರಿಷಭದ ಮೇಲೆ ನಿಂತರೆ ಎರಡು ನಾದಗಳೂ ಒಂದಕ್ಕೊಂದು ತಾಗಿ ಸೆಕೆಂಡಿಗೆ 9 ಸಲ ಅದುರುತ್ತವೆ. ಸಾ ಮೇಲೆ ಇಳಿದ ಕ್ಷಣಕ್ಕೆ ಆ ಅದುರು ನಿಲ್ಲುತ್ತದೆ. ನಿಮ್ಮ ಕಣ್ಣು ತುಂಬುವುದು ಬಹುಶಃ ಅಲ್ಲೇ. ಬಾಯಿಪಾಠ ಇದ್ದವರ ಕಿವಿಗೂ ಅದುರು ಅದುರೇ. ಹುಣಸಿಕಾಯಿ ಹುಳಿ ಎಂದು ಗೊತ್ತಿದ್ದ ಮಾತ್ರಕ್ಕೆ ಬಾಯಲ್ಲಿ ನೀರು ಬರುವುದು ನಿಲ್ಲುತ್ತದೆಯೇ?

ಇನ್ನೊಂದು, ಗೊತ್ತಿರುವುದರಿಂದಲೇ ಸುಖ ಹೆಚ್ಚು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೇಳುಗರು ತಾವೇ ಆರಿಸಿ ತಂದ, ಮೈನವಿರೇಳಿಸುವ ಸಂಗೀತ ಕೇಳಿದರು. ಆ ಮೆಚ್ಚಿನ ಜಾಗ ಬರುವ ಮುಂಚೆ ಮಿದುಳಿನ ಒಂದು ಭಾಗದಲ್ಲಿ, ಬಂದಾಗ ಮತ್ತೊಂದು ಭಾಗದಲ್ಲಿ ಡೋಪಮೈನ್ ಬಿಡುಗಡೆಯಾಗುತ್ತಿತ್ತು. ಕಾಯುವುದಕ್ಕೂ ಅದರದೇ ಪಾಲುಂಟು. ಕುಂದಗೋಳದ ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಕಲಿಸಿದ ಕಿರಾಣಾ ಘರಾಣೆಯ ಗಾಯನ ಶೈಲಿಯಲ್ಲಿ ಈ ಕಾಯಿಸುವಿಕೆ ದೊಡ್ಡ ವಿದ್ಯೆ. ವಿಲಂಬಿತ (ನಿಧಾನ ಲಯದ) ಏಕತಾಲದ 12 ಮಾತ್ರೆಯ ಒಂದು ಆವರ್ತನ ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಅಲೆದು, ಮುಖಡಾ (ಹಾಡಿನ ಮೊದಲ ತುಣುಕು) ಎತ್ತಿಕೊಂಡು ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದಾಗಲೇ ಸಭೆಯಲ್ಲಿ ‘ಆಹಾ’ ಬೀಳುವುದು.

ಪದ ಮುಖ್ಯವಾದ ಹಾಡುಗಳಿಗೆ ಬೇರೆ ಲೆಕ್ಕ. ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕೂಸು ತೀರಿಕೊಂಡ ಮನೆಯ ಪದ. ಮೊದಲ ಸಲ ಪಲ್ಲವಿ ಕೇಳಿದಾಗ ಅದು ಗಂಡ ಹೆಂಡತಿಗೆ ಆಡಿದ ಬರೀ ಒಂದು ಮಾತು. ಒಂದೊಂದು ನುಡಿ ಮುಗಿದು ತಿರುಗಿ ಬಂದಾಗ ಅದರ ತೂಕ ಏರುತ್ತದೆ. ಇಂಥ ಹಾಡನ್ನು ನಡುವಿನಿಂದ ಕೇಳಬೇಡಿ.

ಪ್ರಶ್ನೆ: ಅಪ್ಪಾಜಿ 1980ರ ಸುಮಾರಿಗೆ ರೇಡಿಯೋದಿಂದ ಹಿಡಿದಿಟ್ಟ ಕ್ಯಾಸೆಟ್ ಸಿಕ್ಕಿದೆ. ಈಗ ಹಚ್ಚಿದರೆ ದನಿ ಮುಚ್ಚಿದಂತಿದೆ, ಹಾಡು ಓಡಿದಂತಿದೆ. ಆಗ ಅಳು ತರಿಸುತ್ತಿದ್ದ ಹಾಡು ಈಗ ಏನೂ ಅನಿಸುತ್ತಿಲ್ಲ. ಹಾಡು ಸತ್ತಿತೋ, ಕ್ಯಾಸೆಟ್ ಸತ್ತಿತೋ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾಡಿಗೆ ಏನೂ ಆಗಿಲ್ಲ. ಮೊದಲು ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಮ್ಮೆ ಓಡಿಸಿ, ತಿರುಗಿ ಸುತ್ತಿ. ಅಂಟಿಕೊಂಡ ಸುತ್ತು ಸಡಿಲಾಗುತ್ತದೆ. ಟೇಪಿನ ಹಿಂದಿರುವ ಚಿಕ್ಕ ಫೆಲ್ಟ್ ತುಂಡು ಬಿದ್ದುಹೋಗಿದ್ದರೆ ಟೇಪು ಅದನ್ನು ಓದುವ ಹೆಡ್ಡಿಗೆ ಒತ್ತುವುದಿಲ್ಲ, ದನಿ ಮಂಕಾಗುತ್ತದೆ. ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಟೇಪನ್ನು ವರ್ಗಾಯಿಸಿ, ಸ್ಕ್ರೂ ಇರುವ ಕವಚವಾದರೆ ಸುಲಭ. ಹೆಡ್ಡನ್ನು ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವತನಕ. ರಬ್ಬರ್ ರೋಲರಿಗೆ ಅದು ಬೇಡ, ಸೋಪಿನ ನೀರು ಸಾಕು.

ಆಮೇಲೂ ಮಂಕಾಗಿದ್ದರೆ ಹೆಡ್ಡಿನ ಓರೆ ತಪ್ಪಿದೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟೇ ಆಚೀಚೆ ತಿರುಗಿಸುತ್ತ, ತಬಲಾದ ಕಿನಾರದ (ಅಂಚಿನ) ಪೆಟ್ಟು ಚುರುಕಾಗುವ ಜಾಗ ಹಿಡಿಯಿರಿ.

ಓಟದ ಕಾರಣ ಬಹಳಷ್ಟು ಸಲ ಇಷ್ಟೇ: ಧ್ವನಿ ಹಿಡಿದ ಯಂತ್ರದ ಸೆಲ್ ಸೋತಿತ್ತು, ಟೇಪು ನಿಧಾನ ತಿರುಗಿತ್ತು. ಈಗ ಸೆಕೆಂಡಿಗೆ 4.76 ಸೆಂ.ಮೀ. ಎಂಬ ಸರಿ ವೇಗದಲ್ಲಿ ಹಚ್ಚಿದರೆ ಶ್ರುತಿ ಏರಿ, ದೊಡ್ಡವರ ದನಿ ಹುಡುಗರ ದನಿಯಾಗುತ್ತದೆ. 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಕಂಪ್ಯೂಟರಿಗೆ ಇಳಿಸಿ, ಅತಿ ಜೋರಾದ ದನಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ನಂತರ ಮುದ್ರಣದಲ್ಲಿ ಹಾರ್ಮೋನಿಯಂ ಒಂದೇ ಸ್ವರ ಹಿಡಿದ ಜಾಗ ಹುಡುಕಿ ತಂಬೂರಿ ಆ್ಯಪ್‌ಗೆ ಕೂಡಿಸಿ ನೋಡಿ. ಗಾಯಕರ ಎಂದಿನ ಶ್ರುತಿಗಿಂತ ಒಂದು ಮನೆ (ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು) ಹೆಚ್ಚಿದ್ದರೆ ವೇಗವನ್ನು ಸುಮಾರು ಶೇ 6ರಷ್ಟು ಇಳಿಸಬೇಕು.

‘ನಾಯ್ಸ್ ರಿಡಕ್ಷನ್’ ಮುಟ್ಟುವ ಮುಂಚೆ ನಾಲ್ಕು ಸಲ ವಿಚಾರಿಸಿ. ಆ ತಂತ್ರಾಂಶ ಎಡೆಬಿಡದ ದನಿಯನ್ನೆಲ್ಲ ಗದ್ದಲ ಎಂದೇ ಎಣಿಸುತ್ತದೆ. ಹಿಸ್‌ (ಟೇಪಿನ ಸುಸ್ ಎನ್ನುವ ಸದ್ದು) ಜೊತೆ ತಂಬೂರಿಯ ಜವಾರಿಯನ್ನೂ ಒರೆಸಿಬಿಡುತ್ತದೆ. (ಜವಾರಿ ಎಂದರೆ ಮೆಣಸಿನಕಾಯಿಯದಲ್ಲ, ತಂತಿ–ಕುದುರೆಯ ನಡುವಿನ ಆ ಝೇಂಕಾರ.) ಸಾ ಹಿನ್ನೆಲೆಯೇ ಇಲ್ಲದಿದ್ದರೆ ಮೇಲೆ ಹೇಳಿದ ಅದುರು ಎಲ್ಲಿಂದ ಬರಬೇಕು? ಇದೇ ಕಾರಣಕ್ಕೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಬೇಡಿ, ಖರ್ಜ (ತಗ್ಗಿನ ಸ್ವರ) ಅದರಲ್ಲಿ ಅರ್ಧಕ್ಕರ್ಧ ಮಾಯ. ಗಂಗೂಬಾಯಿಯವರ ತಗ್ಗು ದನಿಗಂತೂ ಅದು ಅನ್ಯಾಯ.

ಪ್ರಶ್ನೆ: ಬಹಳ ಇಷ್ಟದ ಹಾಡು ರಿಂಗ್‌ಟೋನ್ ಮಾಡಿಕೊಂಡೆ, ಈಗ ಕೇಳಿದರೆ ಮೈ ಉರಿಯುತ್ತದೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪಲ್ಲವಿಯಿಂದ ಶುರುವಾಗಿ ಸಮ ಬರುವ ಮುಂಚೆಯೇ ಕತ್ತರಿಸಿದ ಹಾಡು, ಮೇಲೆ ಸಾಲಗಾರರ ಕರೆ! ತೆಗೆದುಹಾಕಿ. ಮೂರು ತಿಂಗಳು ಬಿಟ್ಟು, ಅದೇ ಹಾಡನ್ನು ಬೇರೆ ಗಾಯಕರ ದನಿಯಲ್ಲಿ ಮೊದಲಿನಿಂದ ಕೇಳಿ.

ಪ್ರಶ್ನೆ: ನಮ್ಮೂರ ಭಜನಿ ಮೇಳದಾಗ ಶರೀಫರ ತತ್ವಪದ ಹಾಡತೀವಿ. ಶುರುವಿಗೆ ಚಲೋ ಇರತದ, ಮೂರನೇ ನುಡಿಗೆ ಬರೀ ಗದ್ದಲ. ಕೇಳೋರು ಎದ್ದು ಹೋಗತಾರ.
– ಓದುಗರೊಬ್ಬರು, ಶಿಗ್ಗಾಂವಿ ತಾಲ್ಲೂಕು, ಹಾವೇರಿ ಜಿಲ್ಲೆ

ಉತ್ತರ: ಲಯ ಏರುತ್ತಿದೆ. ಪಲ್ಲವಿ ಕೊನೆಗೆ ಎಲ್ಲರೂ ಉಸಿರು ತೆಗೆದುಕೊಳ್ಳುವಾಗ ತಾಳದವರು ಆ ಖಾಲಿ ಜಾಗ ತುಂಬಲು ಅವಸರ ಮಾಡುತ್ತಾರೆ, ಪ್ರತಿ ಸುತ್ತಿಗೂ ಚೂರು ಚೂರು ಮುಂದೆ. ಮೊಬೈಲಿನ ಮೆಟ್ರೊನೋಮ್ ಇಟ್ಟು ನೋಡಿ: ನಿಮಿಷಕ್ಕೆ 80 ಪೆಟ್ಟಿಗೆ ಶುರುವಾದದ್ದು 120ಕ್ಕೆ ಹೋಗಿರುತ್ತದೆ. ಆ ಓಟದಲ್ಲಿ ಶರೀಫರ ಒಗಟು ಯಾರ ಕಿವಿಗೂ ಬೀಳುವುದಿಲ್ಲ, ಒಗಟು ಕೇಳದಿದ್ದರೆ ಆ ಪದದಲ್ಲಿ ಉಳಿದದ್ದೇನು? ತಾಳ ಒಬ್ಬರ ಕೈಯಲ್ಲೇ ಇರಲಿ. ದಮ್ಮಡಿಯವರು ನುಡಿ ನಡೆಯುವಾಗ ಬರೀ ಠೇಕಾ (ತಾಳದ ಮೂಲ ಬಡಿತ) ಹಿಡಿಯಲಿ, ಕೈಚಳಕ ಪಲ್ಲವಿಗೆ ಇಟ್ಟುಕೊಳ್ಳಲಿ.

ಶ್ರುತಿಯನ್ನು ಪೇಟಿ (ಹಾರ್ಮೋನಿಯಂ) ನುಡಿಸುವವರ ಅನುಕೂಲಕ್ಕೆ ಬಿಡಬೇಡಿ. ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿ, ಗಂಟಲು ಹರಿಯದಂಥ ಮನೆ ಆರಿಸಿ. ರಾತ್ರಿ ಥಂಡಿ ಬಿದ್ದಂತೆ ಏಕತಾರಿಯ ತಂತಿ ಬಿಗಿದು ಶ್ರುತಿ ಏರುತ್ತದೆ. ಎರಡು ಪದಕ್ಕೊಮ್ಮೆ ಪೇಟಿಗೆ ಕೂಡಿಸಿಕೊಳ್ಳಿ.