ಅಪ್ಪ ಎರಡು ದಿನ, ಪ್ಲೇಟು ಎರಡು ವಾರ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಹತ್ತನೇ ತರಗತಿಯ ಕೆಲವು ಮಕ್ಕಳು ಅಪ್ಪ-ಅವ್ವನ ಜೊತೆ ಗೋವಾಕ್ಕೋ ಕಬ್ಬು ಕಡಿಯಲಿಕ್ಕೋ ಗುಳೆ ಹೋಗಿ ಬರುವವರು. ಮುಂದೆ ಏನಾಗುತ್ತೀರಿ ಎಂದು ಕೇಳಿದರೆ ಒಬ್ಬರೂ ಡಾಕ್ಟರ್ ಅನ್ನಲಿಲ್ಲ, ಮಾಸ್ತರ ಅನ್ನಲಿಲ್ಲವಂತೆ. ಒಬ್ಬ ಸೆಂಟ್ರಿಂಗ್ ಪ್ಲೇಟ್ (ಸ್ಲ್ಯಾಬ್ ಹಾಕುವಾಗ ಹಸಿ ಕಾಂಕ್ರೀಟನ್ನು ಹೊತ್ತು ನಿಲ್ಲುವ ಕಬ್ಬಿಣದ ಹಲಗೆ) ಬಾಡಿಗೆಗೆ ಕೊಡುತ್ತಾನಂತೆ. ಒಬ್ಬಳು ಗೋವಾಕ್ಕೆ ಖಡಕ್ ರೊಟ್ಟಿ ಕಳಿಸುತ್ತಾಳಂತೆ. "ಇಷ್ಟು ಸಣ್ಣ ಕನಸು ಯಾಕೆ? ನಾವು ಎಲ್ಲಿ ತಪ್ಪಿದೆವು?" ಎಂದು ಕೇಳಿದ್ದಾರೆ.

ಮೇಡಂ ಅವರಿಗೆ ನಮಸ್ಕಾರ.

ಆ ಹುಡುಗನ ಮಾತನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. "ನಮ್ಮಪ್ಪ ಎರಡ ದಿನ ದುಡೀತಾನ್ರಿ ಅಕ್ಕೋರೆ, ಪ್ಲೇಟ್ ಎರಡ ವಾರ ದುಡೀತೈತಿ."

ಸ್ಲ್ಯಾಬ್ ಹಾಕುವುದನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಪ್ಲೇಟ್ ಹೊಂದಿಸಿ, ಕೆಳಗೆ ಕಂಬ ಕೊಟ್ಟು ನಿಲ್ಲಿಸುವುದು ಸೆಂಟ್ರಿಂಗ್‌ನವರ ಕೆಲಸ. ಅದು ಮುಗಿದ ದಿನ ಕೂಲಿಯೂ ಮುಗಿಯಿತು. ಆದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಕಂಬ ಕೀಳುವ ಹಾಗಿಲ್ಲ. ಕೋಣೆ ದೊಡ್ಡದಿದ್ದರೆ 14 ದಿನ ಬಿಡಬೇಕು. ಪ್ಲೇಟ್ ಸುಮ್ನೆ ನಿಂತಿರುತ್ತದೆ, ಬಾಡಿಗೆ ಮಾತ್ರ ಏರುತ್ತಲೇ ಇರುತ್ತದೆ. ಕೂಲಿ ಮಾಡುವವನಿಗೂ ಸಾಮಾನು ಇಟ್ಟುಕೊಂಡವನಿಗೂ ಇರುವ ಅಂತರವನ್ನು ಈ ಹುಡುಗ ಸಿಮೆಂಟ್ ಚೀಲದ ಮೇಲೆ ಕೂತು ಕಂಡುಕೊಂಡಿದ್ದಾನೆ. ನಮ್ಮಲ್ಲಿ ಎಷ್ಟೋ ಜನ ಪದವಿ ಮುಗಿಸಿದರೂ ಇದು ತಲೆಗೆ ಹೋಗಿರುವುದಿಲ್ಲ. ನನ್ನನ್ನೂ ಸೇರಿಸಿಕೊಳ್ಳಿ.

ಒಂದು ದಿನ ಗಣಿತದ ಪೀರಿಯಡ್‌ನಲ್ಲಿ ಅವನನ್ನೇ ಬೋರ್ಡಿಗೆ ಕರೆಯಿರಿ. ಮೂರಡಿ-ಎರಡಡಿಯ ಪ್ಲೇಟ್ ಎಂದರೆ 6 ಚದರಡಿ. 600 ಚದರಡಿಯ ಮನೆಗೆ 100 ಪ್ಲೇಟ್ ಬೇಕು. ಒಂದಕ್ಕೆ ಎಷ್ಟು ಬೆಲೆ, ದಿನದ ಬಾಡಿಗೆ ಎಷ್ಟು, ಮಳೆಗಾಲದಲ್ಲಿ ಎಷ್ಟು ತಿಂಗಳು ಖಾಲಿ ಬಿದ್ದಿರುತ್ತವೆ, ಹಾಕಿದ ದುಡ್ಡು ಯಾವಾಗ ತಿರುಗಿ ಬರುತ್ತದೆ? ಅವನೇ ಹೇಳಲಿ, ಉಳಿದವರು ಲೆಕ್ಕ ಹಾಕಲಿ.

ಕನಸು ಸಣ್ಣದು ಅಂದಿರಲ್ಲ, ಅದಕ್ಕೊಂದು ಮಾತು. ಹಿಂದೊಮ್ಮೆ ಹೈಸ್ಕೂಲ್ ಮಕ್ಕಳ ಪ್ರಬಂಧಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. 'ನನ್ನ ಗುರಿ' ಅಂತ ವಿಷಯ. ಬಂದ ಕಟ್ಟಿನ ತುಂಬ ಐಎಎಸ್ ಮತ್ತು ಡಾಕ್ಟರ್. ಹತ್ತು ಹಾಳೆ ಓದುವಷ್ಟರಲ್ಲಿ ಮುಂದಿನ ಸಾಲು ನಾನೇ ಹೇಳಬಲ್ಲವನಾಗಿದ್ದೆ. ಎಲ್ಲಾ ಒಂದೇ ಗೈಡಿನಿಂದ ಇಳಿದದ್ದು. ನಿಮ್ಮ ಮಕ್ಕಳು ಕಣ್ಣಾರೆ ಕಂಡದ್ದನ್ನು ಹೇಳಿದ್ದಾರೆ.

ಹಾಗಂತ ನಿಮ್ಮ ಚಿಂತೆ ಸುಳ್ಳು ಅನ್ನುವುದಿಲ್ಲ. "ನನಗ ನೌಕರಿ ಬ್ಯಾಡ್ರಿ, ಸ್ವಂತ ಧಂದೆ ಮಾಡ್ತೀನ್ರಿ" ಅನ್ನುವ ಮಾತಿನ ಹಿಂದೆ ಕೆಲವೊಮ್ಮೆ ಬರೀ ಹೆದರಿಕೆ ಇರುತ್ತದೆ. ಇದು ನನ್ನದೇ ಅನುಭವ. ಒಂಬತ್ತನೇ ತರಗತಿಯಲ್ಲಿ ನಾನು ಮೂರು ತಿಂಗಳು ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿದ್ದೆ. ತಿರುಗಿ ಬಂದಾಗ ಬೀಜಗಣಿತ ಎಲ್ಲೋ ಹೋಗಿಬಿಟ್ಟಿತ್ತು. ಅವಮಾನ ಮುಚ್ಚಿಕೊಳ್ಳಲು "ನಾ ಕಿರಾಣಿ ಅಂಗಡಿ ಇಡ್ತೀನಿ" ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ಸಕ್ಕರೆ ಕಿಲೋಗೆ ಎಷ್ಟು ಅನ್ನುವುದೂ ನನಗೆ ಗೊತ್ತಿರಲಿಲ್ಲ! ನಿಮ್ಮ ಮಕ್ಕಳಲ್ಲಿ ಯಾರು ದರ ಹೇಳುತ್ತಾರೆ, ಯಾರು ಬರೀ ಧಂದೆ ಅನ್ನುತ್ತಾರೆ ನೋಡಿ. ಎರಡನೆಯವರಿಗೆ ಸಂಜೆ ಒಂದು ತಾಸು ಪಾಠ ಬೇಕಾಗಿರುತ್ತದೆ, ಅಷ್ಟೇ.

ನಮ್ಮ ಕಡೆ ಕಷ್ಟ ಇರುವುದು ಕ್ಯಾಲೆಂಡರಿನಲ್ಲಿ. ದೀಪಾವಳಿ ಹೊತ್ತಿಗೆ ಸಕ್ಕರೆ ಕಾರ್ಖಾನೆ ಶುರುವಾಗುತ್ತದೆ, ಗ್ಯಾಂಗು ಕಟ್ಟುವ ಮುಕಾದಮನ ಹತ್ತಿರ ಮುಂಗಡ ತಂದವರು ಹೊರಡಲೇಬೇಕು. ಅವರು ಊರಿಗೆ ಬರುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಆಸರೆ ಎಂಟನೇ ತರಗತಿಗೇ ಮುಗಿಯುತ್ತದೆ. ಒಂಬತ್ತು-ಹತ್ತರಲ್ಲಿ ಹುಡುಗ ಬರದಿದ್ದರೆ ಹುಡುಕುವವರು ನಿಮ್ಮಂಥ ಒಬ್ಬಿಬ್ಬರೇ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿವೆ. ಆದರೆ ಬೆಳೆದ ಮಗಳನ್ನು ಬಿಟ್ಟು ಹೋಗಲು ತಾಯಿಗೆ ಧೈರ್ಯ ಬರಬೇಕಲ್ಲ? ಸೀಟು ಕೊಡಿಸುವುದಷ್ಟೇ ಸಾಲದು. ಅವ್ವನನ್ನು ಕರೆದುಕೊಂಡು ಹೋಗಿ ಹಾಸ್ಟೆಲ್ ತೋರಿಸಿ, ವಾರ್ಡನ್ ಜೊತೆ ಮಾತಾಡಿಸಿ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಲು ಅವಕಾಶ ಆಗಿದೆ. ಮೊದಲನೆಯದರಲ್ಲಿ ಬಿದ್ದವನು ಮತ್ತೆ ಗೋವಾದ ಬಸ್ ಹತ್ತುವ ಮುಂಚೆ ಎರಡನೆಯದಕ್ಕೆ ಕೂರಿಸಿಬಿಡಿ.

ಧಂದೆ ಮಾಡುವವನಿಗೆ ಎಸ್ಸೆಸ್ಸೆಲ್ಸಿ ಯಾಕೆ ಅಂತ ಹುಡುಗ ಕೇಳಿಯೇ ಕೇಳುತ್ತಾನೆ. ಅವನಿಗೆ ವಯಸ್ಸಿನ ಲೆಕ್ಕ ಹೇಳಿ. 18 ಆಗದೆ ಸಣ್ಣ ಧಂದೆಗೆ ಕೊಡುವ ಮುದ್ರಾ ಸಾಲವೂ ಸಿಗದು, ಸಹಾಯಧನದ ಜೊತೆ ಸಾಲ ಕೊಡಿಸುವ ಕೇಂದ್ರದ ಪಿಎಂಇಜಿಪಿ ಯೋಜನೆಯೂ ಸಿಗದು. ಹತ್ತನೇ ತರಗತಿ ಮುಗಿದಾಗ ಅವನಿಗೆ ಹದಿನೈದೋ ಹದಿನಾರೋ. ನಡುವಿನ ಈ ಎರಡು-ಮೂರು ವರ್ಷಗಳಲ್ಲೇ ನಮ್ಮ ಹುಡುಗರು ಕಳೆದುಹೋಗುತ್ತಾರೆ. ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಇದ್ದರೆ ಐಟಿಐ ಸೇರಬಹುದು. ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ, ವೆಲ್ಡರ್ ಒಂದೇ ವರ್ಷ. ವೆಲ್ಡಿಂಗ್ ಬಂದರೆ ಪ್ಲೇಟನ್ನು ಕೊಳ್ಳುವ ಬದಲು ತಾನೇ ಮಾಡಬಹುದು, ಮುರಿದದ್ದನ್ನು ರಿಪೇರಿ ಮಾಡಬಹುದು. ಸ್ವಲ್ಪ ದೂರ ಹೋಗಬಲ್ಲವನಿಗೆ ಬೆಳಗಾವಿಯ ಉದ್ಯಮಬಾಗದಲ್ಲಿ ಜಿಟಿಟಿಸಿ ಅನ್ನುವ ಸರ್ಕಾರಿ ತರಬೇತಿ ಕೇಂದ್ರ ಇದೆ, ಅಲ್ಲಿ ಟೂಲ್ ಅಂಡ್ ಡೈ (ಕಾರ್ಖಾನೆಗೆ ಬೇಕಾದ ಉಪಕರಣ, ಅಚ್ಚು ಮಾಡುವ) ಡಿಪ್ಲೊಮಾ. 18 ತುಂಬಿದ ಮೇಲೆ ವಿಜಯಪುರದ ರುಡ್‌ಸೆಟಿಯಲ್ಲಿ ಊಟ-ವಸತಿ ಸಮೇತ ಬಿಟ್ಟಿ ತರಬೇತಿ ಸಿಗುತ್ತದೆ. ಹಳ್ಳಿಯ ಹುಡುಗರಿಗೆ ಸ್ವಂತ ಉದ್ಯೋಗ ಕಲಿಸಲೆಂದು 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಅದು. ಲೆಕ್ಕ ಬರೆಯುವುದನ್ನೂ ಅಲ್ಲಿ ಕಲಿಸುತ್ತಾರೆ.

ಇನ್ನು ರೊಟ್ಟಿಯ ಹುಡುಗಿ. ವಾಸ್ಕೋದ ಬೈನಾ, ಝುವಾರಿನಗರದ ಕಡೆ ನಮ್ಮ ಜಿಲ್ಲೆಯವರು ಎಷ್ಟು ಜನ ಇದ್ದಾರೆ ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ, ಅವಳು ಅಲ್ಲೇ ಇದ್ದು ಬಂದವಳು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದರೆ ಕೇಳುವುದೇ ಬೇಡ. ಪಿಎಂಇಜಿಪಿ ನಿಯಮದಂತೆ ಹಳ್ಳಿಯ ಹೆಣ್ಣುಮಗಳಿಗೆ ನೂರಕ್ಕೆ 35 ಸಹಾಯಧನ, ಕೈಯಿಂದ ಹಾಕಬೇಕಾದದ್ದು ನೂರಕ್ಕೆ 5. ಎರಡು ಲಕ್ಷದ ಯೋಜನೆಗೆ 10,000 ಅವಳದ್ದು, 70,000 ಸಹಾಯಧನ, ಉಳಿದದ್ದು ಬ್ಯಾಂಕ್ ಸಾಲ. ಒಂದು ಮಾತು ಮೊದಲೇ ತಿಳಿಸಿ: ಸಹಾಯಧನ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಇರುತ್ತದೆ. ಇದನ್ನು ತಿಳಿಯದೆ ಪೆಟ್ಟು ತಿಂದವರನ್ನು ನಾನು ನೋಡಿದ್ದೇನೆ. ಅವಳಿಗೆ 18 ತುಂಬುವಷ್ಟರಲ್ಲಿ ಯೋಜನೆಯ ಹೆಸರೂ ಲೆಕ್ಕವೂ ಬದಲಾಗಬಹುದು, ಆಗ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿದರಾಯಿತು.

ಅವಳ ಲೆಕ್ಕ ಮಾತ್ರ ನನಗೆ ಅರ್ಧಕ್ಕೇ ನಿಂತಿದೆ. ಜೋಳ, ಕಟ್ಟಿಗೆ, ಬಡಿಯುವವರ ಕೂಲಿ ಎಲ್ಲಾ ಬರೆದಿದ್ದೀರಿ. ಬಸ್ಸಿನಲ್ಲಿ ಕಳಿಸಿದರೆ ದಾರಿಯಲ್ಲಿ ಎಷ್ಟು ರೊಟ್ಟಿ ಮುರಿಯುತ್ತವೆ, ಮುರಿದದ್ದರ ಖರ್ಚು ಯಾರ ತಲೆಗೆ? ಅವಳನ್ನೇ ಕೇಳಿ, ಮುಂದಿನ ಕಾಗದದಲ್ಲಿ ಬರೆಯಿರಿ.